ಹೆಜ್ಜೆ ಗುಡಿಸುವವಳು

ಎಲೆ ಉದುರುವ ಕಾಲ ಮುಗಿದು ಬಿಸಿಲು ಬಲಿಯುತ್ತಿತ್ತು. ಬೆಳಕು ಹರಿಯುವ ಹೊತ್ತಿಗೇ ನಾವು ಮೂವರೂ ರಸ್ತೆಯಲ್ಲಿದ್ದೆವು. ನಾನು, ನನ್ನ ನಾದಿನಿ, ಗೊಣಗಜ್ಜಿ. ಮೂವರೂ ಬೆನ್ನು ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದೆವು.

ನಮ್ಮ ಕೆಲಸ ಹೆಜ್ಜೆ ಗುಡಿಸುವುದು. ಬೇಲಿ ಹಾಕಿದ ಈ ಸಣ್ಣ ಕಾಡಿಗೆ ಜನ ದುಡ್ಡು ಕೊಟ್ಟು ಪ್ರಾಣಿ ನೋಡಲು ಬರುತ್ತಾರೆ. ಬೆಳಿಗ್ಗೆ ಜೀಪು ಹತ್ತಿದರೆ ಊಟದ ಹೊತ್ತಿಗೆ ವಾಪಸ್ಸು. ಅದಕ್ಕೆ ಅರ್ಧ ದಿನದ ಸಫಾರಿ ಎಂದು ಹೆಸರು. ಅವರು ಬರುವ ಮುಂಚೆ ಮಣ್ಣಿನ ರಸ್ತೆಯ ಮೇಲಿನ ಮನುಷ್ಯರ ಹೆಜ್ಜೆ, ಹಿಂದಿನ ದಿನದ ಚಕ್ರದ ಗುರುತು ಎಲ್ಲ ಅಳಿಸಬೇಕು. ಪ್ರಾಣಿಯ ಹೊಸ ಹೆಜ್ಜೆಯನ್ನು ಮಾತ್ರ ಮುಟ್ಟಬಾರದು. ಅದರ ಸುತ್ತ ಗುಡಿಸಬೇಕು. ಸೊಪ್ಪಿನ ಕೊಂಬೆಗಳ ಕಟ್ಟು ಹಿಡಿದು, ನಮ್ಮ ಹೆಜ್ಜೆಯನ್ನು ನಾವೇ ಒರೆಸುತ್ತ, ಹಿಂದಕ್ಕೆ ಸರಿಯುತ್ತ ಹೋಗಬೇಕು. ನಾಲ್ಕು ಮೈಲಿ. ಮುಗಿಯುವ ಹೊತ್ತಿಗೆ ಸೊಂಟ ನೆಟ್ಟಗಾಗಲು ಮರ ಹಿಡಿದು ನಿಲ್ಲಬೇಕು.

ಮೊದಲ ದಿನ ಕೆಲಸ ಹೇಳಿಕೊಟ್ಟಾಗ ಮ್ಯಾನೇಜರು ಅಂದಿದ್ದರು, "ಕಾಡಲ್ಲಿ ಮನುಷ್ಯರ ಹೆಜ್ಜೆ ಕಂಡ್ರೆ ಅತಿಥಿಗಳಿಗೆ ಬೇಜಾರಾಗುತ್ತೆ."

"ಹೆಜ್ಜೆ ಕಂಡ್ರೇ ಬೇಜಾರು. ಮುಖ ಕಂಡ್ರೆ ವಾಂತಿನೇ ಮಾಡ್ಕೋತಾರೇನೋ" ಎಂದು ಗೊಣಗಜ್ಜಿ ಗೊಣಗಿದ್ದಳು. ಅವಳ ಮಾವ ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ಅತಿಥಿಗಳ ಊಟದ ಮನೆ ಇದೆ.

ಹನ್ನೊಂದು ವರ್ಷದಿಂದ ಗುಡಿಸುತ್ತಿದ್ದೇನೆ. ಯಾವ ಹೆಜ್ಜೆ ಎಷ್ಟು ಹೊತ್ತಿನದು, ಗಂಡೋ ಹೆಣ್ಣೋ, ಹೊಟ್ಟೆ ತುಂಬಿತ್ತೋ ಹಸಿದಿತ್ತೋ, ನನಗೆ ಗೊತ್ತು. ಯಾರೂ ಕೇಳುವುದಿಲ್ಲ. ಕೇಳುವುದು ನನ್ನ ಗಂಡನನ್ನು. ಜೀಪಿನ ಬಾನೆಟ್ಟಿನ ಮೂಲೆಗೆ ಬೆಸುಗೆ ಹಾಕಿದ ಒಂದು ಕಬ್ಬಿಣದ ಸೀಟಿದೆ. ಅದರ ಮೇಲೆ ಕೂತು, ಹೆಜ್ಜೆ ನೋಡಿ, ಕೈ ಎತ್ತಿ ದಾರಿ ತೋರಿಸುವವನು ಅವನು. ಹಿಂದೆ ಸ್ಟೇರಿಂಗ್ ಹಿಡಿದು ಕಥೆ ಹೇಳುವವನು ಗೈಡು. ಲದ್ದಿ ಯಾವುದು, ಹಿಕ್ಕೆ ಯಾವುದು ಎಂದು ಆ ಗೈಡಿಗೆ ಕಲಿಸಿದವನೂ ನನ್ನ ಗಂಡನೇ. ಎರಡು ವರ್ಷ ನಮ್ಮ ಮನೆಯಲ್ಲೇ ಅವನ ಊಟ. ನನ್ನ ಗಂಡನಿಗೆ ಅಣ್ಣ ಅನ್ನುತ್ತಾನೆ, ನನಗೆ ಅತ್ತಿಗೆ. ಹತ್ತನೇ ಕ್ಲಾಸು ಓದಿದ್ದ. ಅವನಿಗೆ ಟೋಪಿ, ಬೂಟು ಬಂದವು. ನನ್ನ ಗಂಡ ಬರಿಗಾಲಲ್ಲಿ ಕಬ್ಬಿಣದ ಸೀಟಿನ ಮೇಲೇ ಉಳಿದ.

ಆರು ದಿನದ ಹಿಂದೆ ಬಂದಿದ್ದ ಅತಿಥಿಗಳಿಗೆ ಕಾಡೆಮ್ಮೆಯ ಫೋಟೋ ಹತ್ತಿರದಿಂದ ಬೇಕಾಗಿತ್ತು. ಗೈಡು ರಸ್ತೆ ಬಿಟ್ಟು ಒಣಗೆರೆಯ ಅಂಗಳಕ್ಕೆ ಜೀಪು ಇಳಿಸಿದ. "ಅಣ್ಣ, ಪೊದೆ ಹಿಂದಿನಿಂದ ಹೋಗಿ ಚಪ್ಪಾಳೆ ತಟ್ಟು. ಎದ್ದು ಈಚೆ ಬರುತ್ತೆ" ಅಂದ. ರಸ್ತೆ ಬಿಡುವುದು ತಪ್ಪು. ಆಳನ್ನು ಕೆಳಗಿಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಇಲ್ಲಿ ವಾರಕ್ಕೆರಡು ಸಲ ನಡೆಯುವ ತಪ್ಪು. ಆವತ್ತು ಕಾಡೆಮ್ಮೆ ಈಚೆ ಬರಲಿಲ್ಲ. ಅವನ ಕಡೆಗೇ ತಿರುಗಿತು.

ಬೆಳಿಗ್ಗೆ ಎಂಟಕ್ಕೆ ಬಿದ್ದವನು ಕಾವಲುಗಾರನ ಕಣ್ಣಿಗೆ ಬಿದ್ದದ್ದು ಸಂಜೆ ಐದಕ್ಕೆ. ಸೊಂಟದ ಮೂಳೆ ಮುರಿದಿತ್ತು.

ಈ ನಡುವೆ ಒಂದು ನಡೆದಿತ್ತು. ಅದನ್ನು ನಾನು ಹೇಳಲೇಬೇಕು. ಆ ಮಧ್ಯಾಹ್ನ ಗೈಡು ನಮ್ಮ ಸಾಲುಮನೆಗೆ ಬಂದು, "ಒಣಗೆರೆ ತಿರುವು ಇನ್ನೊಂದ್ಸಲ ಗುಡಿಸಿಬಿಡಿ ಅತ್ತಿಗೆ" ಅಂದಿದ್ದ. ಮಧ್ಯಾಹ್ನ ಗುಡಿಸುವುದು ವಾಡಿಕೆಯಲ್ಲ. ಆದರೂ ಹೋದೆ. ಗಂಡ ಊಟಕ್ಕೆ ಬಂದಿರಲಿಲ್ಲ, ಕಚೇರಿಯಲ್ಲಿ ಏನೋ ಕೆಲಸವಿರಬೇಕು ಅಂದುಕೊಂಡಿದ್ದೆ. ಜೀಪು ರಸ್ತೆ ಬಿಟ್ಟು ಇಳಿದ ಗುರುತು ಕಣ್ಣಿಗೆ ಬಿತ್ತು. ನಮ್ಮ ಕೆಲಸ ಕಂಡದ್ದನ್ನು ಕೇಳುವುದಲ್ಲ, ಗುಡಿಸುವುದು. ಗುಡಿಸಿದೆ. ರಸ್ತೆಯ ಅಂಚಿನ ತನಕ ಚೊಕ್ಕವಾಗಿ ಗುಡಿಸಿ, ಯಾವುದೋ ಹಾಡು ಗುನುಗುತ್ತ ಮನೆಗೆ ಬಂದೆ. ಆ ಪೊದೆಯ ಹಿಂದೆ ಇನ್ನೂರು ಅಡಿ ದೂರದಲ್ಲಿ ನನ್ನ ಗಂಡ ಬಿದ್ದಿದ್ದ.

"ಪೊರಕೆ ಸದ್ದು ಕೇಳಿಸ್ತು ಕಣೇ. ನೀನೇ ಅಂತ ಗೊತ್ತಾಯ್ತು. ಕೂಗೋಣ ಅಂದ್ರೆ ನಾಲಿಗೆ ಏಳ್ಲಿಲ್ಲ" ಎಂದು ಮೂರು ದಿನದ ಮೇಲೆ ಹೇಳಿದ.

ಆ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿದಿಲ್ಲ.

ಗೈಡು ಬರೆದುಕೊಟ್ಟದ್ದು ಬೇರೆ. ಜೀಪು ರಸ್ತೆ ಬಿಟ್ಟೇ ಇಲ್ಲ. ಆವತ್ತು ನನ್ನ ಗಂಡ ಕೆಲಸಕ್ಕೇ ಬಂದಿಲ್ಲ. ಪ್ರಾಣಿ ಹಿಡಿಯುವ ಉರುಳು ಹಾಕಲು ನಸುಕಿನಲ್ಲೇ ಒಬ್ಬನೇ ಹೋಗಿರಬೇಕು. ಆವತ್ತಿನ ಅತಿಥಿಗಳು ಸಂಜೆಯೇ ಗಂಟು ಕಟ್ಟಿಕೊಂಡು ಹೋಗಿದ್ದರು. ಮ್ಯಾನೇಜರು ಒಂದು ಕಾಗದ ತಯಾರು ಮಾಡಿದರು. "ನಾನು ಯಾರಿಗೂ ಹೇಳದೆ ಉರುಳು ಹಾಕಲು ಹೋಗಿದ್ದೆ" ಎಂಬ ಮಾತಿನ ಕೆಳಗೆ ನನ್ನ ಗಂಡ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಅವರ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ. ಒತ್ತದಿದ್ದರೆ ಗಾಡಿ ಇಲ್ಲ, ಪೊಲೀಸು. ಗೇಟಿನೊಳಗೆ ಬೇರೆ ಗಾಡಿ ಬಿಡುವುದಿಲ್ಲ. ಇವತ್ತು ಮಧ್ಯಾಹ್ನಕ್ಕೆ ಗಡುವು.

"ಒತ್ತಿಬಿಡ್ತೀನಿ. ಕಳ್ಳ ಅನ್ನಿಸ್ಕೊಂಡು ನಡೆಯೋದು ವಾಸಿ, ಹೀಗೆ ಮಲಗಿರೋದಕ್ಕಿಂತ" ಎಂದು ಗಂಡ ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡು ಅಂದಿದ್ದ. ಉಚ್ಚೆ ಹೊಯ್ಯಲು ಅವನನ್ನು ಒಂದು ಬೆರಳಷ್ಟು ಸರಿಸಿದರೂ ಅರಚುತ್ತಾನೆ.

"ನಾಳೆ ಮಧ್ಯಾಹ್ನದ ತನಕ ತಡ್ಕೋ" ಅಂದಿದ್ದೆ ನಾನು.

ನಾನು ಗುಡಿಸಿದ್ದು ರಸ್ತೆಯನ್ನು ಮಾತ್ರ. ಒಣಗೆರೆಯ ಅಂಗಳವನ್ನಲ್ಲ. ಅವನು ಬೀಳುವ ಹಿಂದಿನ ದಿನ ಅಕಾಲದ ಮಳೆ ಬಂದು ಅಲ್ಲಿಯ ಜೇಡಿ ನೆನೆದಿತ್ತು. ಆಮೇಲೆ ಬಿಸಿಲಿಗೆ ಕಲ್ಲಾಗಿದೆ. ಆವತ್ತಿನ ಹೆಜ್ಜೆಗಳು ಅಲ್ಲಿ ಹಾಗೇ ಇರುತ್ತವೆ. ಆದರೆ ಅತ್ತ ಯಾವ ಆಳೂ ಕಾಲಿಡಬಾರದೆಂದು ಕಾವಲು ಹಾಕಿದ್ದರು. ಜೀಪಿನಲ್ಲಿ ಬಂದವರನ್ನು ಮಾತ್ರ ಕಾವಲುಗಾರ ತಡೆಯುವುದಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಬಾನಂಚಿನಲ್ಲಿ ಮೋಡ.

ಅರ್ಧ ರಸ್ತೆ ಗುಡಿಸಿದ್ದೆವು. ಗೈಡು ಜೀಪು ತಂದು ಪಕ್ಕದಲ್ಲಿ ನಿಲ್ಲಿಸಿದ.

"ಅತ್ತಿಗೆ, ಮುಂದಿನ ಸೀಟಿಗೆ ಯಾರೂ ಸಿಗ್ತಿಲ್ಲ. ಗಂಡಸ್ರೆಲ್ಲ ಹೊಟ್ಟೆನೋವು ಅಂತಾರೆ."

"ಹೊಟ್ಟೆ ಅಲ್ಲಪ್ಪ, ಸೊಂಟ. ಸೊಂಟದ ಮೇಲೆ ಆಸೆ ಅವರಿಗೆ" ಅಂದಳು ಗೊಣಗಜ್ಜಿ.

ಅವನು ಕೇಳಿಸದವನಂತೆ ಟೋಪಿ ಸರಿಮಾಡಿಕೊಂಡ. "ನೀವು ಕೂತ್ರೆ ಮ್ಯಾನೇಜರಿಗೆ ನಾನೇ ಹೇಳ್ತೀನಿ. ಅಣ್ಣನ ವಿಷ್ಯದಲ್ಲಿ ಸ್ವಲ್ಪ ಮೆತ್ತಗಾಗ್ತಾರೆ."

"ಆಯ್ತು" ಅಂದೆ.

ನಾದಿನಿ ಕೊಂಬೆಯ ಕಟ್ಟನ್ನು ನೆಲಕ್ಕೆ ಬಡಿದಳು. "ನಿನಗೆ ಮಾನ ಇದ್ಯಾ ಅತ್ತಿಗೆ? ನಮ್ಮಣ್ಣ ಅಲ್ಲಿ ಕೊಳೀತಾ ಬಿದ್ದಿದ್ದಾನೆ. ನೀನು ಇವನ ಗಾಡಿ ಮೇಲೆ ಮೆರೀತೀಯಾ?"

ಗೈಡು ಎದುರಿಗಿದ್ದ. ನಾನೇನೂ ಹೇಳುವಂತಿರಲಿಲ್ಲ. ಅವಳು ನನ್ನ ಕಾಲ ಬಳಿ ಉಗಿದಳು. ಉಗಿದದ್ದರ ಮೇಲೆ ತಾನೇ ಕೊಂಬೆ ಎಳೆದಳು. ಅಭ್ಯಾಸ.

ಅತಿಥಿಗಳು ಮೂರು ಜನ. ಕೊರಳಿಗೆ ಮೊಳದುದ್ದದ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಮಗ, ಅವನ ಹೆಂಡತಿ, ಅವನ ತಾಯಿ. ನನ್ನನ್ನು ಸೀಟಿನ ಮೇಲೆ ಕಂಡು ಹೆಂಡತಿ ನಕ್ಕಳು. "ಅಯ್ಯೋ, ಲೇಡಿ! ಬಿದ್ದುಗಿದ್ದು ಹೋಗಲ್ಲ ತಾನೇ?"

"ಬಿದ್ರೂ ಇವ್ರಿಗೆ ಏನೂ ಆಗಲ್ಲ ಮೇಡಂ. ಕಾಡಿನ ಜನ" ಅಂದ ಗೈಡು. ಮೂವರೂ ನಕ್ಕರು.

ಕಬ್ಬಿಣದ ಸೀಟು ನನ್ನ ಗಂಡನ ಅಳತೆಗೆ ಬೆಸೆದದ್ದು. ನನ್ನ ಕಾಲು ಕೆಳಗಿನ ಸಲಾಕೆಗೆ ಎಟುಕಲಿಲ್ಲ. ಜೀಪು ಗುಂಡಿಗೆ ಇಳಿದಾಗಲೆಲ್ಲ ಬೆನ್ನುಮೂಳೆಗೆ ಸುತ್ತಿಗೆ ಬಿದ್ದ ಹಾಗಾಗುತ್ತಿತ್ತು. ಕೆಳಗೆ ಎಂಜಿನ್ನಿನ ಕಾವು, ಮೇಲೆ ಮುಳ್ಳುಕೊಂಬೆ. ಹದಿನಾಲ್ಕು ವರ್ಷ ಅವನು ಇದರ ಮೇಲೆ ಕೂತಿದ್ದಾನೆ. ಮನೆಗೆ ಬಂದು ಒಂದು ದಿನವೂ ಹೇಳಿಲ್ಲ.

ಜಿಂಕೆ ತೋರಿಸಿದೆ. ಮುಳ್ಳುಹಂದಿಯ ಹೆಜ್ಜೆ ತೋರಿಸಿದೆ. ಮರಕ್ಕೆ ಮೈ ಉಜ್ಜಿ ಹೋದ ಹಂದಿಯ ಕೆಸರು ತೋರಿಸಿದೆ. ಕೈ ನಾನು ಎತ್ತುತ್ತಿದ್ದೆ. "ನೋಡಿ ಸಾರ್, ನನಗೆ ವಾಸನೆಯಿಂದಲೇ ಗೊತ್ತಾಯ್ತು" ಎಂದು ಹಿಂದಿನಿಂದ ಗೈಡು ಹೇಳುತ್ತಿದ್ದ. ಕ್ಯಾಮೆರಾದವನು ಜಿಂಕೆಯ ಅಂಡು ನೂರು ಸಲ ತೆಗೆದ.

"ಮುಂಚೆ ಇಲ್ಲಿ ಗಂಡಸು ಕೂರ್ತಿರ್ಲಿಲ್ವಾ?" ಎಂದು ತಾಯಿ ಕೇಳಿದಳು.

"ಇದ್ದ ಅಮ್ಮ. ಬಿಟ್ಟುಬಿಟ್ಟ." ಗೈಡು ದನಿ ತಗ್ಗಿಸಿದ. ತಗ್ಗಿಸಿದರೆ ನನಗೆ ಕೇಳಿಸುವುದಿಲ್ಲವೆಂದುಕೊಂಡನೋ, ಕೇಳಿಸಿದರೂ ಏನೆಂದುಕೊಂಡನೋ. "ಕಳ್ಳತನ. ಉರುಳು ಹಾಕ್ತಿದ್ದ. ಎಷ್ಟು ಚೆನ್ನಾಗಿ ನೋಡ್ಕೊಂಡ್ರೂ ಅಷ್ಟೇ ಈ ಜನ. ಉಂಡ ಮನೆಗೇ ಎರಡು ಬಗೀತಾರೆ."

ಉಂಡ ಮನೆ. ನನ್ನ ಕೈಯಡುಗೆ ಎರಡು ವರ್ಷ ಉಂಡವನ ಬಾಯಲ್ಲಿ ಆ ಮಾತು. ನಾನು ತಿರುಗಲಿಲ್ಲ. ಸಲಾಕೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮೋಡ ನೆತ್ತಿಯ ಹತ್ತಿರ ಬಂದಿತ್ತು.

ಎರಡು ದಾರಿ ಕೂಡುವಲ್ಲಿ ಕೈ ಎತ್ತಿ ಎಡಕ್ಕೆ ತೋರಿಸಿದೆ. "ಚಿರತೆ" ಅಂದೆ. "ಈಗತಾನೇ ಹೋಗಿದೆ. ಜೊತೆಗೆ ಮರಿ ಇದೆ."

ಹನ್ನೊಂದು ವರ್ಷದಲ್ಲಿ ಹೆಜ್ಜೆಯ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು.

ಗೈಡು ಬ್ರೇಕು ಹಾಕಿದ. "ಅತ್ತ ಒಣಗೆರೆ. ಅತ್ತ ಬೇಡ. ಬಲಕ್ಕೆ ಹೋಗೋಣ."

"ಚಿರತೆ ಇದ್ರೆ ಯಾಕ್ರೀ ಬೇಡ?" ಕ್ಯಾಮೆರಾದವನು ಎದ್ದು ನಿಂತ. "ಇಷ್ಟು ದುಡ್ಡು ಸುರಿದಿರೋದು ಜಿಂಕೆ ನೋಡೋಕಾ?"

"ಸಾರ್, ಆ ಕಡೆ ದಾರಿ ಚೆನ್ನಾಗಿಲ್ಲ..."

"ಹಾಗಾದ್ರೆ ನಿಮ್ಮ ಮ್ಯಾನೇಜರಿಗೆ ಫೋನ್ ಹಚ್ಚಿ. ನಾನೇ ಮಾತಾಡ್ತೀನಿ."

ಗೈಡು ಎಡಕ್ಕೆ ತಿರುಗಿಸಿದ. ಕಾವಲುಗಾರ ಜೀಪಿಗೆ ಸಲಾಮು ಹೊಡೆದು ದಾರಿ ಬಿಟ್ಟ.

ತಿರುವಿನಲ್ಲಿ ಕೈ ಎತ್ತಿದೆ. ಜೀಪು ನಿಂತಿತು. ನಾನು ಕೆಳಗೆ ಹಾರಿದೆ.

"ಅತ್ತಿಗೆ! ಹತ್ತಿ ಮೇಲೆ! ಕೆಳಗಿಳಿಯೋ ಹಾಗಿಲ್ಲ!"

"ನನ್ನ ಗಂಡನಿಗೆ ಯಾಕೋ ಇದನ್ನ ಹೇಳ್ಲಿಲ್ಲ?"

ಜೇಡಿಯ ಅಂಗಳಕ್ಕೆ ನಡೆದೆ. ಇತ್ತು. ಎಲ್ಲ ಇತ್ತು. ಜೀಪಿನ ನಾಲ್ಕು ಚಕ್ರ ರಸ್ತೆ ಬಿಟ್ಟು ಇಳಿದದ್ದು, ನಿಂತದ್ದು, ತಿರುಗಿದ್ದು. ಎಡಗಡೆ ನನ್ನ ಗಂಡನ ಬರಿಗಾಲು ಧುಮುಕಿದ್ದು, ಹಿಮ್ಮಡಿ ಆಳವಾಗಿ ಊರಿದ್ದು. ಕೂಗಿ ಹೇಳಿದೆ. "ಬನ್ನಿ ಸ್ವಾಮಿ, ಬನ್ನಿ ಅಮ್ಮ. ಕಳ್ಳ ಒಬ್ಬನೇ ನಡ್ಕೊಂಡು ಬಂದನಂತಲ್ಲ? ನಡ್ಕೊಂಡು ಬಂದವನ ಹೆಜ್ಜೆ ಗಾಡಿಯಿಂದ ಹೇಗೆ ಶುರುವಾಗುತ್ತೆ ನೋಡಿ."

ತಾಯಿ ಮೆಲ್ಲಗೆ ಇಳಿದು ಬಂದಳು. "ಚಿರತೆ ಎಲ್ಲಿ?" ಎನ್ನುತ್ತ ಮಗ ಹಿಂದೆ ಬಂದ.

ನಾನು ಗಂಡನ ಹೆಜ್ಜೆ ಹಿಡಿದು ಪೊದೆ ಸುತ್ತಿದೆ. ಅಲ್ಲಿ ಕಾಡೆಮ್ಮೆ ತಿರುಗಿದ ಗೊರಸು. ಅಲ್ಲಿ ಅವನ ಓಟ, ಪಾದದ ಮುಂಭಾಗ ಮಾತ್ರ ಊರಿದ್ದು. ಅಲ್ಲಿ ಅವನು ಬಿದ್ದು ಉರುಳಿದ ಜಾಗ, ಬೆರಳು ಮಣ್ಣು ಗೀರಿದ ಗುರುತು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದೂ ಅಲ್ಲಿತ್ತು.

ಬೂಟಿನ ಹೆಜ್ಜೆ.

ಜೀಪಿನ ಬಲಗಡೆಯಿಂದ, ಸ್ಟೇರಿಂಗಿನ ಕಡೆಯಿಂದ ಇಳಿದು, ಪೊದೆಯನ್ನು ಬಳಸಿ ನೇರವಾಗಿ ಬಂದಿತ್ತು. ಕಾಡೆಮ್ಮೆಯ ಗೊರಸಿನ ಮೇಲೆ ಬೂಟು ಬಿದ್ದಿತ್ತು. ಅಂದರೆ ಅದು ಹೋದಮೇಲೆ ಬಂದದ್ದು. ನನ್ನ ಗಂಡ ಬಿದ್ದ ಜಾಗಕ್ಕೆ ಮೂರು ಹೆಜ್ಜೆ ಇರುವಾಗ ಎರಡು ಬೂಟೂ ಜೊತೆಯಾಗಿ ನಿಂತಿದ್ದವು. ಆಳವಾಗಿ. ತುಂಬಾ ಹೊತ್ತು ನಿಂತವನ ಭಾರ ಅದು. ಆಮೇಲೆ ತಿರುಗಿದ್ದವು. ಹಿಂದೆ ಹೋಗಿದ್ದವು. ಓಡಿ ಅಲ್ಲ, ನಡೆದು.

ಹೆದರಿ ಓಡಿಹೋದ, ಹೇಳಲು ಭಯಪಟ್ಟ, ಹುಡುಗಬುದ್ಧಿ ಎಂದು ಒಳಗೊಳಗೇ ಅವನಿಗೆ ಒಂದು ಮಣೆ ಹಾಕಿಟ್ಟಿದ್ದೆ. ಅವನು ಬಂದು ನೋಡಿದ್ದ. ನೋಡಿ ಹೋಗಿದ್ದ. ಹೋಗಿ ನನ್ನನ್ನು ಗುಡಿಸಲು ಕಳಿಸಿದ್ದ.

"ಬಾರೋ ಇಲ್ಲಿ" ಅಂದೆ.

ಗೈಡು ಬಂದ.

"ಓದು. ನನ್ನ ಗಂಡ ನಿನಗೆ ಕಲಿಸಿದ್ನಲ್ಲ, ಆ ವಿದ್ಯೆನ ಈ ಅಮ್ಮನ ಮುಂದೆ ಓದು. ಈ ಬೂಟು ಎಲ್ಲಿಂದ ಬಂತು? ಎಲ್ಲಿ ನಿಂತಿತ್ತು? ಎಷ್ಟು ಹೊತ್ತು ನಿಂತಿತ್ತು?"

"ಅಮ್ಮ, ಇವ್ರಿಗೆ ತಲೆ ಕೆಟ್ಟಿದೆ. ಗಂಡನ ಚಿಂತೆಯಲ್ಲಿ..."

"ಓದಪ್ಪ" ಅಂದಳು ಆ ತಾಯಿ. "ನನಗೂ ಕಾಣಿಸ್ತಿದೆ. ಓದು."

"ಇದು ಕಾವಲುಗಾರನ ಬೂಟು. ಸಂಜೆ ಬಂದಿದ್ದ."

"ಕಾವಲುಗಾರ ಟೈರಿನ ಚಪ್ಪಲಿ ಹಾಕ್ತಾನೆ. ಅದು ಆಚೆ ಕಡೆಯಿಂದ ಬಂದಿದೆ, ನೋಡು. ಓಡ್ಕೊಂಡು ಬಂದಿದೆ. ಅವನು ಓಡಿ ಬಂದ. ನೀನು ನಡೆದು ಹೋದೆ. ಇಡು ನಿನ್ನ ಬೂಟು ಇದರೊಳಗೆ. ಇಡೋ!"

ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಮೊದಲ ಹನಿ ಬಿದ್ದದ್ದು ಆಗ. ದಪ್ಪ ಹನಿ, ಬೆರಳಚ್ಚಿನಷ್ಟಗಲ.

ನಾನು ಕ್ಯಾಮೆರಾದವನ ಕಡೆ ತಿರುಗಿದೆ. "ಸ್ವಾಮಿ, ಒಂದು ಫೋಟೋ ತೆಗೀರಿ. ಒಂದೇ ಒಂದು. ಮಳೆ ಬಂದ್ರೆ ಹೋಗಿಬಿಡುತ್ತೆ."

ಅವನು ಜೇಡಿ ನೋಡಿದ, ಗೈಡನ್ನು ನೋಡಿದ. ಜೇಬಿನಿಂದ ಮುಚ್ಚಳ ತೆಗೆದು ಕ್ಯಾಮೆರಾದ ಕಣ್ಣಿಗೆ ಹಾಕಿದ. "ಇದೆಲ್ಲ ಕೋರ್ಟು ಕಚೇರಿ ವಿಷ್ಯ. ನಮಗ್ಯಾಕೆ? ನಾವು ಪ್ರಾಣಿ ನೋಡೋಕೆ ಬಂದವ್ರು."

"ಒಂದು ತೆಗೆಯೋ. ಕೈ ಸವೆದು ಹೋಗಲ್ಲ" ಅಂದಳು ತಾಯಿ.

"ಅಮ್ಮಾ, ನೀನು ಗಾಡಿ ಹತ್ತು. ನೆನೀತೀಯ."

ತಾಯಿ ನಿಂತಳು. ನನ್ನ ಮುಖ ನೋಡಿದಳು. ಸೊಸೆ ಕೊಡೆ ತಂದು ಅವಳ ತಲೆಯ ಮೇಲೆ ಹಿಡಿದಳು. ತಾಯಿ ಕೊಡೆಯ ಕೆಳಗೆ ನಡೆದು ಹೋಗಿ ಜೀಪು ಹತ್ತಿದಳು. ನಾನು ಸೆರಗು ಹರವಿ ಆ ಎರಡು ಬೂಟಿನ ಗುರುತಿನ ಮೇಲೆ ಬೋರಲು ಬಿದ್ದೆ. ಮಳೆ ಬೆನ್ನಿಗೆ ಹೊಡೆಯಿತು. ನೀರು ಪಕ್ಕದಿಂದ ಹರಿದು ಬಂತು, ನನ್ನ ಹೊಟ್ಟೆಯ ಕೆಳಗೆ ಬಂತು. ಜೇಡಿ ಮೆತ್ತಗಾಯಿತು. ಎದ್ದು ನೋಡಿದಾಗ ಅಲ್ಲಿ ನನ್ನ ಮೈಯ ಗುಂಡಿ ಬಿಟ್ಟು ಬೇರೇನೂ ಇರಲಿಲ್ಲ.

ಜೀಪು ಹೊರಟುಹೋಗಿತ್ತು. ಎರಡು ಮೈಲಿ ನಡೆದು ಕಚೇರಿಗೆ ಬಂದೆ.

ಮ್ಯಾನೇಜರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕ್ಯಾಮೆರಾದವನು ಅವರ ಮುಂದೆ ನಿಂತು ರೇಗುತ್ತಿದ್ದ. "ಏನು ನೋಡಿದ್ವಿ? ಏನೂ ನೋಡ್ಲಿಲ್ಲ! ಒಂದು ಚಿರತೆ ಇಲ್ಲ, ಮಣ್ಣಿಲ್ಲ!" ಅವನ ತಾಯಿ ಕಾರಿನ ಗಾಜಿನ ಹಿಂದೆ ಕೂತಿದ್ದಳು. ಗಾಜು ಏರಿಸಿತ್ತು.

ಮ್ಯಾನೇಜರು ನನ್ನ ಮೈಮೇಲಿನ ಕೆಸರು ನೋಡಿ ಮೂಗು ಮುಚ್ಚಿಕೊಂಡರು. "ನಾಳೆಯಿಂದ ನಿನಗೆ ಕೆಲಸ ಇಲ್ಲ. ಹೆಬ್ಬೆಟ್ಟು ಹಾಕಿಸಿದ್ರೆ ಗಾಡಿ ಈಗಲೂ ಇದೆ. ನಿನ್ನ ಗಂಡನ ಒಳ್ಳೇದಕ್ಕೆ ಹೇಳ್ತಿದ್ದೀನಿ." ಕಾಗದವನ್ನು ಮುಂದೆ ಚಾಚಿದರು. ಜೊತೆಗೆ ಶಾಯಿಯ ಡಬ್ಬಿ.

ಕೈ ಚಾಚಲಿಲ್ಲ. "ಆ ಕಾಗದ ನಿಮ್ಮ ಹತ್ರನೇ ಇರ್ಲಿ. ನಿಮ್ಮ ಗಾಡಿನೂ ಇರ್ಲಿ" ಅಂದೆ.

ಮನೆಗೆ ಬಂದು ಗಂಡನ ಬಳಿ ಕೂತು ಎಲ್ಲ ಹೇಳಿದೆ. ಬೂಟಿನ ಮಾತು ಬಂದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಗೊತ್ತಿತ್ತಾ ನಿನಗೆ?"

"ಗೊತ್ತು. ನೀರು ಕೇಳ್ದೆ."

"ಯಾಕೆ ಹೇಳ್ಲಿಲ್ಲ?"

"ನಾನು ತಯಾರು ಮಾಡಿದ ಹುಡುಗ ಕಣೇ ಅವನು. ಏನಂತ ಹೇಳ್ಲಿ?"

ಆಮೇಲೆ ಗೋಡೆಯಿಂದ ನನ್ನ ಕಡೆ ತಿರುಗಿದ. "ಒತ್ತಲ್ಲ. ಹೊತ್ಕೊಂಡು ಹೋಗ್ತೀರೇನು?" ಎಂದು ಕೇಳಿದ.

ಬಸ್ಸಿನ ರಸ್ತೆಗೆ ನಾಲ್ಕು ಮೈಲಿ. ನಾದಿನಿ ಮಂಚಕ್ಕೆ ಹಗ್ಗ ಬಿಗಿದಳು. ಬಿಗಿಯುವಾಗ ಅವಳ ಕೈ ನನ್ನ ಕೈಗೆ ತಗಲಿತು. ಒಂದು ಕ್ಷಣ ಹಿಡಿದುಕೊಂಡಳು. ಅಷ್ಟೇ. ಸಾಲುಮನೆಯ ಗಂಡಸರು ಬಾಗಿಲು ಮುಚ್ಚಿಕೊಂಡರು. ಗೊಣಗಜ್ಜಿ ಬಂದಳು. ಮಂಚಕ್ಕೆ ನಾಲ್ಕು ಕಾಲು, ನಾವು ಮೂವರು. ಮುಂದೆ ಇಬ್ಬರು, ಹಿಂದೆ ನಾನೊಬ್ಬಳೇ ಎರಡೂ ಮೂಲೆ ಹಿಡಿದೆ. ಎತ್ತಿದಾಗ ಮಂಚ ವಾಲಿತು. ಅವನು ಅರಚಿದ ಅರಚಿಗೆ ಕಚೇರಿಯವರೆಲ್ಲ ಜಗಲಿಗೆ ಬಂದರು.

ಕಚೇರಿಯ ಮುಂದೆಯೇ ಹೊರಗೇಟು. ಗೈಡು ಅಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಮಂಚ ಹತ್ತಿರ ಬಂದಾಗ ನನ್ನ ಗಂಡ, "ಇಳಿಸಿ" ಅಂದ. ಇಳಿಸಿದೆವು.

"ಆವತ್ತು ನಿನ್ನ ಕರೆದೆ. ಕೇಳಿಸ್ತಾ?"

"ಕೇಳಿಸ್ತು ಅಣ್ಣ." ಇಲಿಯ ದನಿ. ಮ್ಯಾನೇಜರು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಅವರಿಗೆ ಕೇಳುವಂತಿರಲಿಲ್ಲ.

"ಈ ಮಾತನ್ನ ಅಲ್ಲಿ ಹೋಗಿ ಹೇಳು" ಅಂದೆ ನಾನು. "ಇದೇ ದನಿಯಲ್ಲಿ ಹೇಳಿದ್ರೂ ಸಾಕು."

ಅವನು ಜಗಲಿಯನ್ನು ನೋಡಿದ. ನೆಲ ನೋಡಿದ. ಆಮೇಲೆ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ, ಮಂಚದ ಹಿಂದಿನ ಮೂಲೆಗೆ ಕೈ ಹಾಕಿದ. "ಬಸ್ಸಿನ ತನಕ ನಾನು ಹೊರ್ತೀನಿ ಅತ್ತಿಗೆ. ಅಣ್ಣನ ಋಣ ನನ್ನ ಮೇಲಿದೆ."

ಅವನು ಗಟ್ಟಿಮುಟ್ಟಾದವನು. ಅವನು ಹಿಡಿದರೆ ಮಂಚ ವಾಲುವುದಿಲ್ಲ. ನನ್ನ ಗಂಡ ಅರಚುವುದಿಲ್ಲ. ನಾಲ್ಕು ಮೈಲಿ. ನಾನು ಗಂಡನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡು ತಲೆ ಅಡ್ಡಡ್ಡ ಆಡಿಸಿದ.

"ಕೈ ತೆಗಿ" ಅಂದೆ. "ನಿನ್ನ ಹೆಗಲು ಯಾರಿಗೆ ಬೇಕು? ನಿನ್ನ ಬಾಯಿ ಬೇಕು ನಮಗೆ. ಅದನ್ನ ಕೊಟ್ರೆ ಋಣ ತೀರುತ್ತೆ. ಇಲ್ದಿದ್ರೆ ಇಟ್ಕೋ, ಸಾಯೋ ತನಕ ಹೊತ್ಕೊಂಡು ತಿರುಗು."

ಅವನು ಕೈ ತೆಗೆದ. ಬಾಯಿ ತೆಗೆಯಲಿಲ್ಲ.

"ಏ, ಸರಿಯೋ ಆಚೆ" ಎಂದು ಗೊಣಗಜ್ಜಿ ಅವನನ್ನು ಮೊಣಕೈಯಿಂದ ತಿವಿದಳು. ಹಿಂದಕ್ಕೆ ಬಂದು ನನ್ನ ಪಕ್ಕದ ಮೂಲೆಗೆ ಹೆಗಲು ಕೊಟ್ಟಳು. ಮುಂದೆ ನಾದಿನಿ ಒಬ್ಬಳೇ ಎರಡು ಕೈ ಅಗಲಿಸಿ ಹಿಡಿದಳು. ಎತ್ತಿದೆವು. ಮಂಚ ಮುಂದಕ್ಕೆ ವಾಲಿತು. ನನ್ನ ಗಂಡ ತುಟಿ ಕಚ್ಚಿಕೊಂಡ. ರಕ್ತ ಬಂತು.

ಗೇಟಿನವನು ತಡೆಯಲೋ ಬಿಡಲೋ ತಿಳಿಯದೆ ಜಗಲಿಯ ಕಡೆ ನೋಡುತ್ತಿದ್ದ. ನಾವು ನಿಲ್ಲಲಿಲ್ಲ. ಅಡ್ಡಗಂಬವನ್ನು ನಾದಿನಿಯೇ ಸೊಂಟದಿಂದ ನೂಕಿದಳು.